ಅಪ್ಪಯ್ಯನ್ನ ಎಬ್ಬಿಸಿ ಕೂರಿಸ್ಬಹುದಾ ಮೇಡಂ?

ಈ ಸಲದ ಪತ್ರಗಳನ್ನ ಮೇಜಿನ ಮೇಲೆ ಹರಡ್ಕೊಂಡು ಕೂತಾಗ ಹೊರಗೆ ಆಷಾಢದ ಮಳೆ ಹೊಯ್ತಾ ಇತ್ತು, ಕರೆಂಟ್ ಹೋಗೋದು ಬರೋದು ಮಾಡ್ತಿತ್ತು. ಓದ್ತಾ ಹೋದ್ರೆ ಆರು ಪತ್ರ ಹೆಚ್ಚುಕಮ್ಮಿ ಒಂದೇ ವಿಷಯದ್ದು, ಮೈ ದಪ್ಪ ಇರೋ ಮನೆಯವ್ರು ಐಸಿಯುಗೆ ಹೋಗಿ ಬಂದಿದಾರೆ, ಈಗ ಎಂತ ಮಾಡೋದು ಅಂತ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅವರಿಗೇ. ಮಂಡಿ ನೋವು, ಕುತ್ತಿಗೆ ಉಳುಕು ಅಂತ ಬರೆದವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಪತ್ರ ಮುಂದಿನ ಸಂಚಿಕೆಗೆ ಎತ್ತಿಟ್ಟಿದೀನಿ.

ಪ್ರಶ್ನೆ: ಮೇಡಂ ನಮಸ್ಕಾರ, ನಮ್ಮೂರು ತೀರ್ಥಹಳ್ಳಿ ಹತ್ರ. ಅಪ್ಪಯ್ಯಂಗೆ 58 ವರ್ಷ, ತೂಕ 112 ಕೆಜಿ, ಎತ್ತರ 165 ಸೆಂ.ಮೀ. ನ್ಯುಮೋನಿಯಾ ಆಗಿ ಶಿವಮೊಗ್ಗದಲ್ಲಿ ಐಸಿಯು ಸೇರ್ಸಿದ್ವಿ, 11 ದಿನ ವೆಂಟಿಲೇಟರ್‌ನಲ್ಲಿದ್ರು. ಬಾಯಲ್ಲಿ ಪೈಪ್ ಇರೋವಾಗ್ಲೇ ಫಿಸಿಯೋದವರು ಏಳನೇ ದಿನ ಮಂಚದ ಅಂಚಿಗೆ ಕೂರ್ಸಿಬಿಟ್ರು, ದೊಡ್ಡಪ್ಪ ಅಲ್ಲೇ ಗಲಾಟೆ ಮಾಡಿದ್ರು, ಜೀವ ಹೋಗೋ ಹಂಗಿರೋ ಮನುಷ್ಯನ್ನ ಹಿಡ್ಕೊಂಡು ಇದೆಂಥ ಆಟ ಅಂತ. ಇನ್ನೊಂದು ವಿಷಯ, ವೆಂಟಿಲೇಟರ್ ಪಕ್ಕದ ಚಾರ್ಟಲ್ಲಿ ಅಪ್ಪಯ್ಯನ ಹೆಸರಿನ ಮುಂದೆ 61.5 ಕೆಜಿ ಅಂತ ಬರ್ದಿದ್ರು. 112 ಕೆಜಿ ಆಳಿಗೆ 61 ಕೆಜಿ ಲೆಕ್ಕದಲ್ಲಿ ಗಾಳಿ ಕೊಟ್ಟಿದಾರಾ? ಈಗ ಮನೇಲಿದಾರೆ, ಡಿಸ್ಚಾರ್ಜ್ ಚೀಟೀಲಿ ಎಂಆರ್‌ಸಿ 38 ಅಂತಿದೆ, ಅದೇನು ಅಂತ ಯಾರೂ ಹೇಳ್ಲಿಲ್ಲ. ಬಂದವರೆಲ್ಲ ರೆಸ್ಟ್ ಮಾಡ್ಲಿ ಅಂತಾರೆ. ಅಪ್ಪಯ್ಯ ಕೇಳೋದು ಮಾತ್ರ ಒಂದೇ, ಕೊಯ್ಲಿನ ಹೊತ್ತಿಗೆ ತೋಟಕ್ಕೆ ಇಳೀಬಹುದಾ ಅಂತ.

ಉತ್ತರ: ಮೊದಲು 61.5ರ ವಿಚಾರ ಮುಗಿಸಿಬಿಡ್ತೀನಿ, ಯಾಕಂದ್ರೆ ಅದು ತಪ್ಪಲ್ಲ, ಸರಿಯಾಗೇ ಬರ್ದಿದಾರೆ. ಮೈ ದಪ್ಪ ಆದ್ರೆ ಹೊಟ್ಟೆ ಬೆಳೀತದೆ, ತೊಡೆ ಬೆಳೀತದೆ, ಶ್ವಾಸಕೋಶ ಬೆಳೆಯಲ್ಲ ಮಾರಾಯ್ರೆ. ಅದು ಎತ್ತರದ ಲೆಕ್ಕದ್ದು. ನಿಮ್ಮ ಮನೆ ಗೋಡೇಲಿ ಅಪ್ಪಯ್ಯ ಸಪೂರ ಇದ್ದಾಗಿನ ಮದುವೆ ಫೋಟೋ ಇರ್ಬೇಕಲ್ಲ, ಅವತ್ತು ಎಷ್ಟು ದೊಡ್ಡ ಶ್ವಾಸಕೋಶ ಇತ್ತೋ ಇವತ್ತೂ ಅಷ್ಟೇ ಇರೋದು. ಗಂಡಸರಿಗೆ ಲೆಕ್ಕ ಹೆಂಗಂದ್ರೆ 152.4 ಸೆಂ.ಮೀ ಎತ್ತರಕ್ಕೆ 50 ಕೆಜಿ, ಅದರ ಮೇಲೆ ಒಂದೊಂದು ಸೆಂ.ಮೀಗೂ 0.91 ಕೆಜಿ ಸೇರಿಸ್ತಾ ಹೋಗೋದು, 165ಕ್ಕೆ 61.5 ಬರ್ತದೆ. ಕೆಜಿಗೆ 6 ಮಿಲಿ ಅಂದ್ರೆ ಒಂದು ಉಸಿರಿಗೆ ಸುಮಾರು 370 ಮಿಲಿ. 112 ಅಂತ ಹಾಕಿದ್ರೆ 670 ಆಗ್ತಿತ್ತು, ಅಷ್ಟು ಗಾಳಿ ತುಂಬಿದ್ರೆ ಮೊದ್ಲೇ ನೊಂದಿರೋ ಶ್ವಾಸಕೋಶ ಹಿಗ್ಗಿ ಇನ್ನಷ್ಟು ಹಾಳಾಗ್ತದೆ. 2000ದಲ್ಲಿ ಅಮೆರಿಕದಲ್ಲಿ 861 ಜನ ಎಆರ್‌ಡಿಎಸ್ ರೋಗಿಗಳ ಮೇಲೆ, ಅಂದ್ರೆ ಶ್ವಾಸಕೋಶ ಊದಿಕೊಂಡು ನೀರು ತುಂಬಿ ಉಸಿರಾಟ ಕೈಕೊಟ್ಟವರ ಮೇಲೆ, ಇದನ್ನೇ ನೋಡಿದ್ರು, ಕೆಜಿಗೆ 12 ಮಿಲಿ ಕೊಟ್ಟವರಲ್ಲಿ ತೀರಿಕೊಂಡವರು 39.8%, 6 ಮಿಲಿ ಕೊಟ್ಟವರಲ್ಲಿ 31%. ಹಾಗಾಗಿ ಆ ಚಾರ್ಟ್ ಬರೆದವರಿಗೆ ಒಂದು ಥ್ಯಾಂಕ್ಸ್ ಹೇಳಿ.

ಈಗ ದೊಡ್ಡಪ್ಪನ ಗಲಾಟೆಗೆ ಬರೋಣ. ಅವರ ಸಂಕಟ ನಂಗೆ ಅರ್ಥ ಆಗ್ತದೆ, ಪೈಪು ವೈರು ಎಲ್ಲ ನೇತಾಡೋವಾಗ ಅಣ್ಣತಮ್ಮನ್ನ ಎಬ್ಬಿಸಿ ಕೂರ್ಸೋದು ನೋಡಿದ್ರೆ ಯಾರಿಗಾದ್ರೂ ಹೊಟ್ಟೆ ಚುರುಕ್ ಅಂತದೆ. ಆದ್ರೆ ಅವರಿಗೆ ಒಂದು ಗೋಣಿಚೀಲ ನೆನಪು ಮಾಡ್ಕೊಳೋಕೆ ಹೇಳಿ. ಮುಕ್ಕಾಲು ತುಂಬಿದ ಚೀಲ ನಿಲ್ಸಿದ್ರೆ ಮೇಲ್ಗಡೆ ಖಾಲಿ ಜಾಗ ಇರ್ತದೆ, ಅದನ್ನೇ ಅಡ್ಡ ಕೆಡವಿದ್ರೆ ಒಳಗಿದ್ದದ್ದೆಲ್ಲ ಬಾಯಿ ತನಕ ಸರೀತದೆ. ದೊಡ್ಡ ಹೊಟ್ಟೆಯವರನ್ನ ಅಂಗಾತ ಮಲಗಿಸಿದ್ರೆ ಆಗೋದೂ ಅದೇ, ಹೊಟ್ಟೆಯ ಭಾರ ಪೂರ್ತಿ ವಪೆ ಮೇಲೆ ಕೂರ್ತದೆ, ವಪೆ ಅಂದ್ರೆ ಎದೆಗೂ ಹೊಟ್ಟೆಗೂ ನಡುವೆ ಇರೋ ಸ್ನಾಯುವಿನ ಪರದೆ, ಉಸಿರಾಟದ ಮುಖ್ಯ ಕೆಲಸಗಾರ. ಅದು ಮೇಲಕ್ಕೆ ಒತ್ತಿಕೊಂಡ್ರೆ ಶ್ವಾಸಕೋಶದ ತಳಭಾಗ ಮುದುಡಿಕೊಳ್ತದೆ, ಅಲ್ಲಿ ಗಾಳಿ ಆಡಲ್ಲ, ಕಫ ನಿಲ್ತದೆ, ಮತ್ತೆ ಇನ್‌ಫೆಕ್ಷನ್. ಕೂರ್ಸಿ ಕಾಲು ಇಳಿಬಿಟ್ಟ ಕೂಡಲೇ ಹೊಟ್ಟೆ ತೊಡೆಗಳ ಮಧ್ಯೆ ಜಾರ್ತದೆ, ವಪೆಗೆ ಜಾಗ ಸಿಗ್ತದೆ. ಎಷ್ಟೋ ಸಲ ನಾನೇ ಕಣ್ಣಾರೆ ನೋಡಿದೀನಿ, ಮಾನಿಟರ್ ಮೇಲೆ ಸ್ಯಾಚುರೇಷನ್ ನಂಬರ್, ಅಂದ್ರೆ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅನ್ನೋ ಲೆಕ್ಕ, ಕೂರ್ಸಿದ ಐದೇ ನಿಮಿಷಕ್ಕೆ ಏರೋದನ್ನ.

ಎರಡನೇ ಕಾರಣ ಇನ್ನೂ ದೊಡ್ಡದು, ಅದು ಕಣ್ಣಿಗೆ ಕಾಣಲ್ಲ ಅನ್ನೋದೇ ತೊಂದ್ರೆ. ಸಣಕಲು ಮನುಷ್ಯ ಹತ್ತು ದಿನ ಐಸಿಯುನಲ್ಲಿ ಮಲಗಿ ಎದ್ರೆ ತೊಡೆ ಕಡ್ಡಿ ಆಗಿದ್ದು ಎಲ್ರಿಗೂ ಕಾಣ್ತದೆ, ಅಯ್ಯೋ ಅಂತ ಓಡಿ ಬರ್ತಾರೆ. ದಪ್ಪ ಇರೋವ್ರ ತೊಡೆ ಹಂಗೇ ದಪ್ಪ ಕಾಣ್ತದೆ, ಒಳಗೆ ಸ್ನಾಯು ಕರಗಿ ಹೋಗಿರ್ತದೆ, ಮೇಲಿನ ಕೊಬ್ಬು ಮುಚ್ಚಿಟ್ಟಿರ್ತದೆ. 2013ರಲ್ಲಿ ಇಂಗ್ಲೆಂಡಿನವರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನ ಸ್ಕ್ಯಾನಿಂಗ್ ಮಾಡಿ ಅಳೆದ್ರು, ಹತ್ತೇ ದಿನಕ್ಕೆ ಅದರ ಗಾತ್ರ ಸರಾಸರಿ 17.7% ಇಳಿದಿತ್ತು. ವಪೆಯದ್ದಂತೂ ಇನ್ನೂ ಬೇಗ, 2008ರ ಒಂದು ಅಧ್ಯಯನದಲ್ಲಿ 18ರಿಂದ 69 ಗಂಟೆ ವೆಂಟಿಲೇಟರ್‌ನಲ್ಲಿದ್ದು ಸ್ವಂತ ಉಸಿರೇ ಎಳೀದಿದ್ದವರ ವಪೆಯ ಎಳೆಗಳು ಅರ್ಧಕ್ಕರ್ಧ ಸೊರಗಿದ್ವು. ಈಗ ಯೋಚನೆ ಮಾಡಿ, ಹೊರೋ ಭಾರ 112 ಕೆಜಿ, ಹೊರೋ ಆಳು ಸೊರಗಿದ ಆಳು. ಅವರಿಗೆ ಸಪೂರ ಇರೋವ್ರಿಗಿಂತ ಬೇಗ ವ್ಯಾಯಾಮ ಶುರು ಆಗ್ಬೇಕು, ನಮ್ಮಲ್ಲಿ ಆಗೋದು ಉಲ್ಟಾ, ಎತ್ತೋಕಾಗಲ್ಲ ಅಂತ ಅವರನ್ನೇ ಕೊನೆಗೆ ಎಬ್ಬಿಸೋದು.

ಎಂಆರ್‌ಸಿ 38 ಅಂದ್ರೂ ಇದೇ ಕಥೆ. ಎರಡೂ ಕಡೆಯ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ, ಒಟ್ಟು ಹನ್ನೆರಡು ಕಡೆ ಶಕ್ತಿ ನೋಡಿ ತಲಾ 5ರಂತೆ ಮಾರ್ಕ್ಸ್ ಹಾಕ್ತಾರೆ, ಪೂರ್ತಿ ಬಂದ್ರೆ 60. 48ಕ್ಕಿಂತ ಕಮ್ಮಿ ಆದ್ರೆ ಐಸಿಯುನಿಂದ ಬಂದ ನಿಶ್ಶಕ್ತಿ ಅಂತ ಲೆಕ್ಕ. ಅಪ್ಪಯ್ಯ ಲೋಟ ಎತ್ತೋಕೆ ಒದ್ದಾಡಿದ್ರೆ ಅದು ಸೋಮಾರಿತನ ಅಲ್ಲ, ಧೈರ್ಯ ಇಲ್ಲದ್ದೂ ಅಲ್ಲ, ದಯವಿಟ್ಟು ಹಂಗೆ ಗದರಬೇಡಿ.

ಬೇಗ ಎಬ್ಬಿಸಿದ್ರೆ ಲಾಭ ಇದೆಯಾ ಅಂದ್ರೆ, 2009ರಲ್ಲಿ 104 ಜನ ವೆಂಟಿಲೇಟರ್ ರೋಗಿಗಳಲ್ಲಿ ನೋಡಿದಾಗ, ಮೊದಲ ದಿನಗಳಲ್ಲೇ ವ್ಯಾಯಾಮ ಶುರು ಮಾಡಿದ ಗುಂಪಲ್ಲಿ 59% ಜನ ಸ್ನಾನ, ಬಟ್ಟೆ, ನಡಿಗೆ ಎಲ್ಲ ಸ್ವಂತ ಮಾಡ್ಕೊಳೋ ಹಾಗಾಗಿ ಆಸ್ಪತ್ರೆ ಬಿಟ್ರು, ಇನ್ನೊಂದು ಗುಂಪಲ್ಲಿ 35%. ಅಂತ ಹೇಳಿ ಜಾಸ್ತಿ ಮಾಡಿದಷ್ಟೂ ಜಾಸ್ತಿ ಒಳ್ಳೇದು ಅಂದ್ಕೋಬೇಡಿ. 2022ರಲ್ಲಿ ಆಸ್ಟ್ರೇಲಿಯಾದವರ ಮುಂದಾಳತ್ವದ ದೊಡ್ಡ ಪ್ರಯೋಗದಲ್ಲಿ, ಮಾಮೂಲಿ ಫಿಸಿಯೋಗಿಂತ ಇನ್ನೂ ಒತ್ತಿ ಒತ್ತಿ ಮಾಡಿಸಿದ್ರಿಂದ ಹೆಚ್ಚಿನ ಲಾಭ ಆಗ್ಲಿಲ್ಲ, ಬಿಪಿ, ಎದೆಬಡಿತ ಏರುಪೇರಾಗೋದು ಮಾತ್ರ ಜಾಸ್ತಿ ಆಯ್ತು. ದಿನಾ ಸ್ವಲ್ಪ, ಬಿಡದೆ, ರೋಗಿಯ ಮುಖ ನೋಡ್ಕೊಂಡು ಮಾಡೋದು, ಇದೇ ನನ್ನ ಅನುಭವದಲ್ಲೂ ನಡೆಯೋ ದಾರಿ.

ಮನೇಲಿ ಹೀಗೆ ಮಾಡಿ. ಕೈ ಇರೋ ಗಟ್ಟಿ ಮರದ ಕುರ್ಚಿ, ಬೆನ್ನು ಗೋಡೆಗೆ ಆನಿಸಿ ಇಡಿ, ಪ್ಲಾಸ್ಟಿಕ್ ಕುರ್ಚಿ ಖಂಡಿತ ಬೇಡ, ನಾಲ್ಕೂ ಕಾಲು ಅಗಲಕ್ಕೆ ಜಾರಿ ಬಿದ್ದವರನ್ನ ನಾನು ನೋಡಿದೀನಿ. ಮಂಡಿಗಿಂತ ಸೊಂಟ ಸ್ವಲ್ಪ ಮೇಲಿರೋ ಹಾಗೆ ಕುರ್ಚಿ ಮೇಲೆ ಗಟ್ಟಿ ದಿಂಬೋ ಮಡಚಿದ ಜಮಖಾನವೋ ಹಾಕಿ. ಕಾಲು ಅಗಲಿಸಿ ಕೂತು, ಕುರ್ಚಿ ಕೈ ಒತ್ತಿ ಎದ್ದು ನಿಂತು ಮತ್ತೆ ನಿಧಾನ ಕೂರೋದು. ಮೊದಲ ದಿನ ಮೂರು ಸಲ ಆದ್ರೆ ಮೂರೇ ಸಾಕು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ. ಆಮೇಲೆ ಜಗಲಿ ಮೇಲೆ ನಡಿಗೆ, ಕಂಬದಿಂದ ಕಂಬಕ್ಕೆ. ನಡೀತಾ ಇರೋವಾಗ ಎರಡು ಮಾತಾಡೋಕೆ ಆಗ್ಬೇಕು, ಒಂದು ಶಬ್ದಕ್ಕೂ ಉಸಿರು ಸಾಲದೆ ಬಂದ್ರೆ ಕೂರ್ಸಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ಇದ್ರೆ ಡಾಕ್ಟರ್ ಹೇಳಿದ ಮಟ್ಟಕ್ಕಿಂತ ಕೆಳಗೆ ಹೋದ್ರೆ ನಿಲ್ಸಿ, ಏನೂ ಹೇಳಿಲ್ಲ ಅಂದ್ರೆ 88 ಅಂತ ಇಟ್ಕೊಂಡು ಮುಂದಿನ ಸಲ ಹೋದಾಗ ಕೇಳಿ. ನಮ್ಮ ಮಳೆಗಾಲದಲ್ಲಿ ಬೆರಳು ತಣ್ಣಗಾಗಿ ಆ ಮೆಷಿನ್ ಸುಳ್ಳು ಹೇಳ್ತದೆ, ಕೈ ಉಜ್ಜಿ ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡಿ ಆಮೇಲೆ ಗಾಬರಿ ಆಗಿ. ಎದೆನೋವು, ಕಣ್ಣು ಕತ್ತಲೆ, ಇಲ್ಲಾ ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ನೋವು ಬಂದ್ರೆ ವ್ಯಾಯಾಮ ಗೀಯಾಮ ಬಿಟ್ಟು ಸೀದಾ ಆಸ್ಪತ್ರೆ, ಮಲಗಿದವರಿಗೆ, ಅದ್ರಲ್ಲೂ ತೂಕ ಇರೋವ್ರಿಗೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ.

ಕೊಯ್ಲಿನ ವಿಷಯ. ಸುಳ್ಳು ಹೇಳಲ್ಲ, ಈ ನಿಶ್ಶಕ್ತಿ ಪೂರ್ತಿ ಹೋಗೋಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷವೂ ಆಗ್ತದೆ. ದೀಪಾವಳಿ ಹೊತ್ತಿಗೆ ಅಂಗಳ ದಾಟಿ ತೋಟದ ಬೇಲಿ ತನಕ ಹೋದ್ರೆ ದೊಡ್ಡ ಗೆಲುವು. ಧರೆ ಇಳಿಯೋದು, ಸಂಕ ದಾಟೋದು ಈ ವರ್ಷ ಬೇಡ. ಹಾಗಂತ ಕೊಯ್ಲಿಂದ ಪೂರ್ತಿ ಹೊರಗಿಡ್ಬೇಡಿ, ಎತ್ತರದ ಕುರ್ಚೀಲಿ ಕೂರ್ಸಿ ಮುಂದೆ ಟೇಬಲ್ ಹಾಕಿ ಅಡಿಕೆ ಆರಿಸೋಕೆ ಕೊಡಿ, ಬೆರಳಿಗೂ ಬೆನ್ನಿಗೂ ಇದಕ್ಕಿಂತ ಒಳ್ಳೆ ವ್ಯಾಯಾಮ ನಂಗೆ ಗೊತ್ತಿಲ್ಲ. ಅಡಿಕೆ ಸುಲಿಯೋ ಮೆಟ್ಟುಗತ್ತಿ ಮಾತ್ರ ಕೊಡ್ಬೇಡಿ. ಹಿಡಿತ ಇನ್ನೂ ಬಂದಿಲ್ಲ, ರಕ್ತ ತೆಳು ಮಾಡೋ ಮಾತ್ರೆ ಬೇರೆ ಇರಬಹುದು, ಕೊಯ್ದುಕೊಂಡ್ರೆ ರಕ್ತ ನಿಲ್ಲಲ್ಲ.

ಪ್ರಶ್ನೆ: ಅಮ್ಮಂಗೆ ಮೂರು ಬಾಲ್ ಇರೋ ಉಸಿರಿನ ಸಾಮಾನು ಕೊಟ್ಟಿದಾರೆ, ಎಷ್ಟು ಊದಿದ್ರೂ ಒಂದು ಬಾಲೂ ಏಳ್ತಿಲ್ಲ, ಹಾಳಾಗಿದೆಯಾ? ಭದ್ರಾವತಿಯಿಂದ.

ಉತ್ತರ: ಊದಿದ್ರೆ ಏಳಲ್ಲ, ಎಳೀಬೇಕು! ನಗ್ತಿಲ್ಲ, ಹತ್ತು ಮನೇಲಿ ಎಂಟು ಮನೆಯವರು ಊದ್ತಾನೇ ಇರ್ತಾರೆ, ಅಂಗಡಿಯವರೂ ಹೇಳಲ್ಲ. ಮೊದಲು ಹೊರಗೆ ಉಸಿರು ಬಿಟ್ಟು, ಪೈಪನ್ನ ತುಟಿಯಿಂದ ಗಟ್ಟಿ ಮುಚ್ಚಿ, ಎಳನೀರು ಹೀರೋ ಹಾಗೆ ನಿಧಾನಕ್ಕೆ ಉದ್ದಕ್ಕೆ ಎಳೀಲಿ. ಮೇಲೆ 600, 900, 1200 ಅಂತ ಬರ್ದಿರೋದು ಸೆಕೆಂಡಿಗೆ ಎಷ್ಟು ಮಿಲಿ ವೇಗದಲ್ಲಿ ಎಳೆದ್ರೆ ಆ ಬಾಲ್ ಏಳ್ತದೆ ಅಂತ. ಜಟ್ಟನೆ ಎಳೆದು ಮೂರೂ ಬಾಲ್ ಠಕ್ ಅನ್ನಿಸೋದ್ರಲ್ಲಿ ಏನೂ ಇಲ್ಲ, ಒಂದೇ ಬಾಲ್ ಮೂರು ಸೆಕೆಂಡ್ ಮೇಲೆ ನಿಂತ್ರೆ ಅದು ಕೆಲಸ. ಕುರ್ಚೀಲಿ ನೆಟ್ಟಗೆ ಕೂತು ಮಾಡ್ಬೇಕು, ಮಲಗಿ ಅಲ್ಲ. ತಲೆ ತಿರುಗಿದ್ರೆ ನಾಲ್ಕು ಉಸಿರಿಗೊಮ್ಮೆ ಬಿಡುವು ಕೊಡಿ. ಮತ್ತೆ ನಿಜ ಹೇಳ್ಬೇಕು ಅಂದ್ರೆ ಈ ಬಾಲಿಗಿಂತ ಎದ್ದು ಹತ್ತು ಹೆಜ್ಜೆ ನಡೆಯೋದೇ ಶ್ವಾಸಕೋಶಕ್ಕೆ ಹೆಚ್ಚು ಹಿತ, ಬಾಲ್ ಇದೆ ಅಂತ ನಡಿಗೆ ಬಿಡಿಸ್ಬೇಡಿ.

ಪ್ರಶ್ನೆ: ನಾನು ಸಣ್ಣ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ರಾತ್ರಿ ಪಾಳೀಲಿ ನಾನೊಬ್ಳು ಒಬ್ಬ ಅಟೆಂಡರು. 130 ಕೆಜಿ ರೋಗಿ ಬಂದಿದಾರೆ, ಎಬ್ಬಿಸಿ ಕೂರ್ಸಿ ಅಂತ ಡಾಕ್ಟರ್ ಬರೀತಾರೆ, ಎತ್ತೋ ಮೆಷಿನ್ ನಮ್ಮಲ್ಲಿಲ್ಲ. ಹೇಗೆ ಎತ್ತೋದು ಮೇಡಂ?

ಉತ್ತರ: ಎತ್ತಬೇಡಮ್ಮ. ಸಿಟ್ಟಿಂದ ಹೇಳ್ತಿಲ್ಲ, ನಾನು ಎತ್ತಿ ಕಲಿತಿದೀನಿ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಆಸ್ಪತ್ರೇಲಿ ಹೀಗೇ ಒಬ್ಬ ಭಾರೀ ಆಳು, ನಾನೂ ಒಬ್ಬ ಹುಡುಗನೂ ಎರಡೂ ಕಡೆ ಕಂಕುಳಿಗೆ ಕೈ ಹಾಕಿ ಒಂದು ಎರಡು ಮೂರು ಅಂತ ಎಳೆದ್ವಿ. ಅವರು ಅರ್ಧಕ್ಕೆ ಎದ್ದು ಮಂಚದಂಚಿಂದ ಜಾರಿದ್ರು, ಬೀಳೋಕೆ ಬಿಡಲಿಲ್ಲ ನಿಜ, ಮೆಲ್ಲಗೆ ನೆಲಕ್ಕೆ ಕೂರ್ಸಿದ್ವಿ, ಆದ್ರೆ ಆ ಮನುಷ್ಯನ ಭುಜ ಎರಡು ತಿಂಗಳು ಎತ್ತೋಕೆ ಬರಲಿಲ್ಲ, ನನ್ನ ಸೊಂಟ ಇವತ್ತಿಗೂ ಮಳೆಗಾಲದಲ್ಲಿ ನೆನಪು ಮಾಡ್ತದೆ. ನಿಶ್ಶಕ್ತಿ ಇರೋವ್ರ ಭುಜದ ಕೀಲು ಹಿಡಿದಿಡೋ ಸ್ನಾಯುನೇ ಸಡಿಲ ಆಗಿರ್ತದೆ, ಅಲ್ಲಿ ಹಿಡಿದು ಎಳೆಯೋದು ಅಂದ್ರೆ ಬಾಗಿಲು ಬಿಟ್ಟು ಚಿಲಕ ಎಳೆದ ಹಾಗೆ.

ಮಂಚವೇ ನಿಮ್ಮ ಮೆಷಿನ್. ಪೂರ್ತಿ ಮಂಚವನ್ನ ತಲೆ ಮೇಲೆ ಕಾಲು ಕೆಳಗೆ ಬರೋ ಹಾಗೆ ಓರೆ ಮಾಡೋಕೆ ಬರ್ತದಾ ನೋಡಿ. ಬರೀ ಬೆನ್ನಿನ ಭಾಗ ಎತ್ತಿದ್ರೆ ದೊಡ್ಡ ಹೊಟ್ಟೆಯವರು ಸೊಂಟದಲ್ಲಿ ಮಡಚಿಕೊಂಡು ಕೆಳಗೆ ಜಾರ್ತಾರೆ, ಹೊಟ್ಟೆ ಮತ್ತೆ ಎದೆಗೇ ಒತ್ತುತ್ತದೆ, ಓರೆ ಮಾಡಿದ್ರೆ ಆ ಕಾಟ ಇಲ್ಲ. ಪಾದಕ್ಕೆ ಹಲಗೆ ಕೊಟ್ಟು ಒತ್ತೋಕೆ ಹೇಳಿ, ಮಲಗಿದಲ್ಲೇ ಕಾಲಿನ ವ್ಯಾಯಾಮ ಶುರು ಆಯ್ತು. ಹಗಲು ನಾಲ್ಕು ಜನ ಇರೋವಾಗ ಅಂಚಿಗೆ ಕೂರ್ಸೋದು ಇಟ್ಕೊಳಿ, ರಾತ್ರಿ ಬೇಡ. ಮೊದಲು ಮಂಡಿ ಮಡಚಿ ಪೂರ್ತಿ ಒಂದು ಮಗ್ಗುಲಿಗೆ ಹೊರಳಿಸಿ, ಕಾಲು ಮಂಚದಿಂದ ಕೆಳಗೆ ಬಿಟ್ಟು, ಆ ಕಾಲಿನ ಭಾರದ ಜೊತೆಗೇ ಮೊಣಕೈ ಒತ್ತಿ ಅವರೇ ಏಳಲಿ, ನೀವು ಭುಜದ ಹಿಂದೆ ಬೆನ್ನಿಗೆ ಕೈ ಕೊಡಿ. ನಿಲ್ಸೋ ಮೊದಲು ಒಂದು ಪರೀಕ್ಷೆ ಮಾಡಿ, ಕೂತಲ್ಲೇ ಎರಡೂ ಮಂಡಿಯನ್ನ ಒಂದೊಂದಾಗಿ ನೆಟ್ಟಗೆ ಚಾಚಿ ಐದು ಎಣಿಸೋ ತನಕ ಹಿಡೀಲಿ. ಆಗ್ಲಿಲ್ಲ ಅಂದ್ರೆ ಇವತ್ತು ನಿಲ್ಸಬೇಡಿ, ನಾಳೆ ನೋಡೋಣ. ಮಂಚದ್ದೂ ಕಮೋಡ್ ಕುರ್ಚಿದೂ ಎಷ್ಟು ಕೆಜಿ ತಡೀತದೆ ಅಂತ ಚೀಟಿ ಅಂಟಿಸಿರ್ತಾರೆ, ಅದನ್ನ ಓದದೆ ಯಾರನ್ನೂ ಕೂರ್ಸಬೇಡಿ. ಪೈಪು, ಕ್ಯಾತಿಟರ್ ನೋಡ್ಕೊಳೋಕೆ ಅಂತ್ಲೇ ಒಬ್ಬರು ಬೇರೆ ಇರ್ಲಿ. ಹೊಟ್ಟೆ ಮಡಿಕೆ, ಎದೆ ಕೆಳಗೆ, ತೊಡೆ ಸಂದಿ, ಇಲ್ಲೆಲ್ಲ ಬೆವರು ನಿಂತು ಚರ್ಮ ಕೊಳೀತದೆ, ಹೊರಳಿಸಿದಾಗೆಲ್ಲ ಒರೆಸಿ ಒಣಗಿಸಿ ನೋಡಿ. ಮತ್ತೆ ಇನ್ನೊಂದು, ರೋಗಿ ಎದುರಿಗೇ ಅಯ್ಯೋ ಎಷ್ಟು ಭಾರ ಅನ್ನೋ ಮಾತು ಅಟೆಂಡರ್ ಬಾಯಿಂದ ಬರದ ಹಾಗೆ ನೋಡ್ಕೊಳಿ. ಕೇಳಿಸ್ತದೆ ಅವರಿಗೆ. ನಾಳೆಯಿಂದ ಬೇಡ ಸಿಸ್ಟರ್ ಇಲ್ಲೇ ಮಲಗಿರ್ತೀನಿ ಅಂತಾರೆ.

ಪ್ರಶ್ನೆ: ನಮ್ಮೆಜಮಾನ್ರು ಐಸಿಯುನಲ್ಲಿ 14 ಕೆಜಿ ಇಳಿದಿದಾರೆ, ಡಯಟ್ ಮಾಡಿ ಆಗದ್ದು ಹೀಗಾದ್ರೂ ಆಯ್ತಲ್ಲ ಅಂತ ಅತ್ತೆ ಖುಷಿ. ಇದನ್ನೇ ಮುಂದುವರಿಸೋಣ ಅಂತ ಗಂಜಿ, ತಂಬುಳಿ ಅನ್ನ ಮಾತ್ರ ಕೊಡ್ತಿದೀವಿ. ಸಾಗರ.

ಉತ್ತರ: ಅತ್ತೆಯವರ ಖುಷಿ ಹಾಳು ಮಾಡೋಕೆ ಬೇಜಾರು, ಆದ್ರೆ ಆ 14 ಕೆಜಿಯಲ್ಲಿ ಹೋಗಿರೋದು ಬರೀ ಕೊಬ್ಬಲ್ಲ, ನೀರು ಮತ್ತೆ ಸ್ನಾಯು ಜಾಸ್ತಿ. ಜ್ವರ, ಸೋಂಕು ಇರೋವಾಗ ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಒಡೆದು ಉಣ್ತದೆ, ಮೈಯಲ್ಲಿ ಇಷ್ಟೊಂದು ದಾಸ್ತಾನಿದೆ ಅಂತ ಸ್ನಾಯುವನ್ನ ಬಿಟ್ಟುಬಿಡಲ್ಲ. ಐಸಿಯುನಲ್ಲಿ ದಪ್ಪ ಇರೋವ್ರಿಗೆ ಕ್ಯಾಲರಿ ಸ್ವಲ್ಪ ಹಿಡಿದು ಕೊಟ್ರೂ ಪ್ರೋಟೀನ್ ಮಾತ್ರ ಕೈಬಿಚ್ಚಿ ಕೊಡ್ತಾರೆ, ಎತ್ತರಕ್ಕೆ ತಕ್ಕ ತೂಕದ ಕೆಜಿಗೆ 2 ಗ್ರಾಂ ತನಕ. ಗಂಜಿ ತಂಬುಳೀಲಿ ಅದು ಎಲ್ಲಿಂದ ಬರ್ಬೇಕು? ತಂಬುಳಿ ನಂಗೂ ಪ್ರಾಣ, ಆದ್ರೆ ಅದು ಮಜ್ಜಿಗೆ ನೀರು. ಮೊಟ್ಟೆ ತಿನ್ನೋ ಮನೆ ಆದ್ರೆ ಸುಲಭ, ಒಂದರಲ್ಲಿ ಸುಮಾರು 6 ಗ್ರಾಂ ಇರ್ತದೆ. ಇಲ್ಲಾಂದ್ರೆ ಗಟ್ಟಿ ಬೇಳೆ ತೊವ್ವೆ, ಹೆಸರುಕಾಳು, ಹುರುಳಿ, ಗಟ್ಟಿ ಮೊಸರು, ಪನೀರು, ಮೂರು ಹೊತ್ತಿಗೂ ಯಾವ್ದಾದ್ರೂ ಒಂದು ತಟ್ಟೇಲಿ ಇರ್ಲಿ, ಅನ್ನ ಅರ್ಧ ಆಗ್ಲಿ ಪರವಾಗಿಲ್ಲ. ಕಿಡ್ನಿ ತೊಂದ್ರೆ ಇದ್ರೆ ಮಾತ್ರ ಡಾಕ್ಟರನ್ನ ಕೇಳದೆ ಪ್ರೋಟೀನ್ ಏರಿಸ್ಬೇಡಿ. ತೂಕ ಇಳಿಸೋ ಕೆಲಸ ಇದೆ, ಅದು ಕಾಲಿಗೆ ಬಲ ಬಂದ ಮೇಲೆ.

ಪ್ರಶ್ನೆ: ಹೊಸನಗರ ತಾಲೂಕಿಂದ ಬರೀತಿದೀನಿ. ಭಾವ ಐಸಿಯುನಿಂದ ಬಂದು ಹದಿನೈದು ದಿನ. ರಾತ್ರಿ ಗೊರಕೆ ಜೋರು, ಮಧ್ಯೆ ಉಸಿರೇ ನಿಂತ ಹಾಗಾಗ್ತದೆ. ಹಗಲೆಲ್ಲ ತೂಕಡಿಕೆ, ಬೆಳಿಗ್ಗೆ ತಲೆನೋವು. ಸ್ಯಾಚುರೇಷನ್ 90 ಇತ್ತು, ಬಾಡಿಗೆಗೆ ತಂದ ಆಕ್ಸಿಜನ್ ಮೆಷಿನ್ 5 ಲೀಟರ್‌ಗೆ ಇಟ್ಟಿದೀವಿ, ಈಗ 98 ಬರ್ತದೆ. ಆದ್ರೂ ಮಂಪರು ಜಾಸ್ತಿ ಆಗಿದೆ, ಯಾಕೆ?

ಉತ್ತರ: ಈ ಪತ್ರಕ್ಕೆ ಸಂಚಿಕೆ ತನಕ ಕಾಯದೆ ಅವತ್ತೇ ಫೋನ್ ಮಾಡಿ, ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದಿದೀನಿ, ಇಲ್ಲಿ ಬರೀತಿರೋದು ಬೇರೆ ಓದುಗರಿಗೆ. ತುಂಬಾ ದಪ್ಪ ಇರೋ ಕೆಲವರಲ್ಲಿ ಉಸಿರಾಟ ಮೇಲ್ಮೇಲೆ ಸಣ್ಣಗೆ ನಡೀತದೆ, ಒಳಗಿನ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೊರಗೆ ಹೋಗಲ್ಲ. ಅಂಥವರಿಗೆ ಆಕ್ಸಿಜನ್ ಸುರಿದ್ರೆ ನಂಬರ್ ಚಂದ ಕಾಣ್ತದೆ, ಒಳಗೆ ಆ ಕೆಟ್ಟ ಗಾಳಿ ಇನ್ನೂ ಏರ್ತದೆ, ಮನುಷ್ಯ ಮಂಪರಿಗೆ ಜಾರ್ತಾನೆ. ಬೆರಳಿನ ಮೆಷಿನ್ ಇದನ್ನ ತೋರಿಸೋದೇ ಇಲ್ಲ, ರಕ್ತನಾಳದಿಂದ ರಕ್ತ ತೆಗೆದು ನೋಡ್ಬೇಕು. ಅದಕ್ಕೇ ಇಂಥವರಿಗೆ ಗುರಿ ಸಾಮಾನ್ಯವಾಗಿ 88ರಿಂದ 92 ಇಟ್ಕೊಳ್ತಾರೆ, 98 ಅಲ್ಲ. ಹಾಗಂತ ಮನೇಲಿ ನೀವೇ ಆಕ್ಸಿಜನ್ ಕಿತ್ತು ಹಾಕ್ಬೇಡಿ, ಅದೂ ಅಪಾಯ, ಡಾಕ್ಟರ್ ನೋಡಿ ಇಳಿಸ್ಲಿ. ಇವರಿಗೆ ಬೇಕಾಗೋದು ಹೆಚ್ಚಾಗಿ ಮಾಸ್ಕ್ ಹಾಕಿ ಒತ್ತಡದಲ್ಲಿ ಗಾಳಿ ಕೊಡೋ ಸಿಪ್ಯಾಪ್ ಇಲ್ಲಾ ಬೈಪ್ಯಾಪ್ ಮೆಷಿನ್. ವೆಂಟಿಲೇಟರ್ ಪೈಪ್ ತೆಗೆದ ಮೇಲೂ ದಪ್ಪ ಇರೋವ್ರಿಗೆ ಈ ಮಾಸ್ಕ್ ಹಾಕ್ತಾರಲ್ಲ, ಅದು ಮತ್ತೆ ಪೈಪ್ ಹಾಕೋ ಪರಿಸ್ಥಿತಿ ಬರದೇ ಇರ್ಲಿ ಅಂತ್ಲೇ. ಮಾಸ್ಕ್ ಉಸಿರು ಕಟ್ಟಿಸ್ತದೆ ಅಂತ ಕಿತ್ತೆಸೆಯೋರೇ ಜಾಸ್ತಿ, ಹಗಲು ಟಿವಿ ನೋಡ್ತಾ ಅರ್ಧ ಗಂಟೆ ಹಾಕ್ಕೊಂಡು ಅಭ್ಯಾಸ ಮಾಡಿದ್ರೆ ವಾರದಲ್ಲಿ ಒಗ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ರೆ ಎರಡು ದಿನ ಕರೆಂಟ್ ಇರಲ್ಲ, ಹಾಗಾಗಿ ಮೆಷಿನ್ ತರೋವಾಗ್ಲೇ ಅದಕ್ಕೆ ಆಗೋ ಇನ್ವರ್ಟರ್ ಬ್ಯಾಟರಿ ವಿಚಾರಿಸಿ. ಕರೆಂಟ್ ಇಲ್ಲದ ರಾತ್ರಿ ಅಂಗಾತ ಮಲಗಿಸ್ದೆ, ಬೆನ್ನಿಗೆ ದಿಂಬು ಪೇರಿಸಿ ಒರಗಿಸಿ ಕೂರ್ಸಿ, ಯಾರಾದ್ರೂ ಪಕ್ಕದಲ್ಲಿ ಎಚ್ಚರ ಇರಿ.

ಪ್ರಶ್ನೆ: ಚಿಕ್ಕಮ್ಮ ವೆಂಟಿಲೇಟರಿಂದ ಬಂದು ತಿಂಗಳಾಯ್ತು, ಚಳಿ ಚಳಿ ಅಂತಾರೆ, ಬಚ್ಚಲ ಒಲೆ ಮುಂದೆ ಕೂರ್ಸಬಹುದಾ?

ಉತ್ತರ: ಬೇಡ, ಹೊಗೆ ಆಗಲ್ಲ. ಹಸಿ ಕಟ್ಟಿಗೆ ಹೊಗೇಲಿ ನಮಗೇ ಕೆಮ್ಮು ಬರ್ತದೆ. ಕಂಬಳಿ ಹೊದಿಸಿ, ಕಾಲುಚೀಲ ಹಾಕಿ, ಜಗಲೀಲಿ ನಾಲ್ಕು ಸುತ್ತು ನಡೆಸಿ, ಮೈ ತಾನೇ ಬೆಚ್ಚಗಾಗ್ತದೆ. ಅಂಗಳಕ್ಕೆ ಇಳಿಸೋದಾದ್ರೆ ಮೊದಲು ಮೆಟ್ಟಿಲ ಕಲ್ಲಿನ ಪಾಚಿ ಉಜ್ಜಿ ತೆಗೀರಿ, ಅಡಿಕೆ ದಬ್ಬೆ ಹಾಸಿದ್ರೂ ಮಳೇಲಿ ಅದೂ ಜಾರ್ತದೆ.